ಮಗಳ ಹೆಗಲ ಮೇಲಿನ ಬ್ಯಾಗು

ತಿಕೋಟಾ, ಬಬಲೇಶ್ವರದಿಂದ ವಿಜಯಪುರದ ಕಾಲೇಜಿಗೆ ಹೋಗಿ ಬರುವ ನಿಮ್ಮ ಮಗಳು ಸಂಜೆ ಹೆಗಲು ಒತ್ತಿಕೊಳ್ಳುತ್ತಾಳೆಯೇ? ಇಷ್ಟು ದೂರ ಓದುವುದೇ ಬೇಡವೆಂಬ ಮಾತು ಮನೆಯಲ್ಲಿ ಏಳುವ ಮೊದಲು ಅವಳ ಬ್ಯಾಗನ್ನು ಒಮ್ಮೆ ನೀವೇ ಎತ್ತಿ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟಿನ ಚಿಂತೆ ತಪ್ಪಿತು. ಸೀಟಿನ ಖಾತ್ರಿ ಮಾತ್ರ ಇಲ್ಲ. ಒಂಟಿ ಪಟ್ಟಿಯ ಬ್ಯಾಗು ನೋಡಲು ಚೆಂದ, ಆದರೆ ಬುರ್ಖಾದ ನುಣುಪು ಬಟ್ಟೆಯ ಮೇಲೆ ಜಾರುತ್ತಲೇ ಇರುತ್ತದೆ. ಅದನ್ನು ತಡೆಯಲು ಅವಳು ದಾರಿಯುದ್ದಕ್ಕೂ ಹೆಗಲು ಎತ್ತಿಕೊಂಡೇ ನಿಲ್ಲುತ್ತಾಳೆ. ನೋವು ಬಾರದೇ ಇರುತ್ತದೆಯೇ?

ಎರಡೂ ಹೆಗಲಿಗೆ ಹಾಕುವ, ಅಗಲವಾದ ಮೆತ್ತನೆಯ ಪಟ್ಟಿಗಳ ಬ್ಯಾಗು ಕೊಡಿಸಿ. ಪುಸ್ತಕ, ಬುತ್ತಿ, ನೀರಿನ ಬಾಟಲಿಯನ್ನು ಅಂಗಡಿಗೇ ಒಯ್ದು ತುಂಬಿಸಿ ನೋಡಲಿ. ಖಾಲಿ ಬ್ಯಾಗು ಎಲ್ಲವೂ ಹಗುರವೇ. ದಪ್ಪ ಪುಸ್ತಕ ಬೆನ್ನಿಗೆ ತಾಗಿರಲಿ. 2020ರ ಶಾಲಾ ಬ್ಯಾಗ್ ನೀತಿ ಮಕ್ಕಳಿಗೆ ಹೇಳಿದ ಮಿತಿ ದೇಹತೂಕದ ಶೇ. 10. ಅದನ್ನೇ ಹಿಡಿದರೆ 45 ಕಿಲೋ ತೂಕದ ಹುಡುಗಿಗೆ ನಾಲ್ಕೂವರೆ ಕಿಲೋ ಸಾಕು.