ನೂಕಿದರೆ ತಿರುಗುವ ಎಂಜಿನು

ಅಮೆರಿಕದ ಮೇನ್ ಸಂಸ್ಥಾನದಲ್ಲಿ 2 ಅಡಿ ಅಂತರದ ಹಳಿಗಳ ಮೇಲೆ ಓಡುತ್ತಿದ್ದ ವಿಸ್ಕ್ಯಾಸೆಟ್, ವಾಟರ್‌ವಿಲ್ ಮತ್ತು ಫಾರ್ಮಿಂಗ್ಟನ್ ರೈಲುಮಾರ್ಗವು 1933ರಲ್ಲಿ ನಿಂತುಹೋಯಿತು. ಹಳಿಗಳನ್ನೂ ಕಿತ್ತು ಮಾರಿದರು. 1989ರಲ್ಲಿ ಅದರ ನೆನಪಿಗೆಂದು ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಆಲ್ನಾ ಎಂಬ ಊರಿನ ಶೀಪ್ಸ್‌ಕಾಟ್ ನಿಲ್ದಾಣದಿಂದ ಸ್ವಯಂಸೇವಕರು ಹಳೆಯ ಜಾಡಿನಲ್ಲೇ ಮರಳಿ ಹಳಿ ಹಾಸತೊಡಗಿದರು. ಅವರಿಗೆ ಸಂಬಳವಿಲ್ಲ, ರಜೆಯ ದಿನಗಳೇ ಬಂಡವಾಳ.

ಅವರು ಕೈಗೊಂಡ ಕಾರ್ಯಗಳಲ್ಲಿ ಟರ್ನ್‌ಟೇಬಲ್ ಎಂಬ ತಿರುಗುವೇದಿಕೆಯ ನಿರ್ಮಾಣವೂ ಒಂದು. ಎಂಜಿನಿನ ಮುಖವನ್ನು ಮತ್ತೊಂದು ದಿಕ್ಕಿಗೆ ತಿರುಗಿಸಲು ಇದು ಬೇಕು. ದುಂಡನೆಯ ಗುಂಡಿ, ನಟ್ಟನಡುವೆ ಕೀಲು, ಕೀಲಿನ ಮೇಲೆ ಹಳಿ ಹೊತ್ತ ತೊಲೆಗಳು. ನಮ್ಮ ಬೀಸುವ ಕಲ್ಲಿನ ನಡುಗೂಟವನ್ನು ನೆನೆದರೆ ತತ್ತ್ವವು ತಿಳಿಯುತ್ತದೆ. ಭಾರವು ಎರಡು ಕಡೆಗೂ ಸಮನಾಗುವಂತೆ ಎಂಜಿನನ್ನು ನಿಲ್ಲಿಸಿದರೆ ಒಬ್ಬಿಬ್ಬರೇ ಕೈಯಿಂದ ನೂಕಿ ತಿರುಗಿಸಬಲ್ಲರು. ತೂಕ ತಪ್ಪಿದರೆ ಹೆಚ್ಚು ಮಂದಿ ಸೇರಿದರೂ ಕಷ್ಟವೇ. ಆದುದರಿಂದ ಅಡಿಪಾಯ ಕುಸಿಯಬಾರದು, ಕೀಲು ಓರೆಯಾಗಬಾರದು. ಪುಕ್ಕಟೆ ಕೆಲಸವೆಂಬ ಉದಾಸೀನ ಇಲ್ಲಿ ಸಲ್ಲದು.

ವ್ಯಾಪಾರಕ್ಕೆ ಬೇಡವಾದ ಹಾದಿಯ ಒಂದು ಭಾಗವನ್ನು ಲಾಭ ಬಯಸದ ಕೈಗಳು ಮತ್ತೆ ತೆರೆದಿವೆ. ವಾರಕ್ಕೊಂದು ರಜೆಯನ್ನೂ ಸಂಘದ ಕಾರ್ಯಕ್ಕೆ ಕೊಡುವ ನಮ್ಮ ಓದುಗ ಬಂಧುಗಳಿಗೆ ಇದರ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಭಾರವನ್ನು ಸಮನಾಗಿ ಹಂಚಿಕೊಂಡರೆ ದೊಡ್ಡ ಎಂಜಿನೂ ತಿರುಗುತ್ತದೆ.