ವಂಶವಾಹಿ, ಆಹಾರ ಮತ್ತು ಆರೋಗ್ಯ: ವಿವಾಹಕ್ಕೆ ಮುನ್ನ ಒಂದು ರಕ್ತ ಪರೀಕ್ಷೆ

ಪೀಠಿಕೆ

ಒಂದೇ ಮನೆಯಲ್ಲಿ ಅದೇ ಜೋಳದ ರೊಟ್ಟಿ, ಪಲ್ಯಗಳನ್ನು ಉಂಡು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಧುಮೇಹ ಬರುತ್ತದೆ, ಮತ್ತೊಬ್ಬನಿಗೆ ಬರುವುದಿಲ್ಲ. ಒಬ್ಬನಿಗೆ ಹಾಲು ಒಗ್ಗುತ್ತದೆ, ಇನ್ನೊಬ್ಬನಿಗೆ ಹೊಟ್ಟೆ ಉಬ್ಬರಿಸುತ್ತದೆ. ಅಕ್ಕತಂಗಿಯರಿಬ್ಬರೂ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಿದರೂ ಒಬ್ಬಳ ರಕ್ತಹೀನತೆ ಗುಣವಾಗಿ, ಮತ್ತೊಬ್ಬಳದು ಹಾಗೆಯೇ ಉಳಿಯುವುದುಂಟು. ಇಂತಹ ವ್ಯತ್ಯಾಸಗಳಿಗೆ ಆಹಾರ ಮತ್ತು ಜೀವನಕ್ರಮದಂತೆಯೇ ತಂದೆತಾಯಿಗಳಿಂದ ಬರುವ ವಂಶವಾಹಿಗಳೂ ಕಾರಣವಾಗಿವೆ. ಈ ವಿಷಯವನ್ನು ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮೀಣ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ವಂಶವಾಹಿ ಎಂದರೇನು?

ಮಾನವನ ದೇಹವು ಅಸಂಖ್ಯಾತ ಜೀವಕೋಶಗಳಿಂದ ರಚಿತವಾಗಿದೆ. ಸಾಮಾನ್ಯವಾಗಿ ಜೀವಕೋಶದ ಕೇಂದ್ರದಲ್ಲಿ 23 ಜೊತೆ, ಅಂದರೆ 46 ವರ್ಣತಂತುಗಳಿರುತ್ತವೆ. ಪ್ರತಿಯೊಂದು ಜೊತೆಯಲ್ಲಿ ಒಂದು ತಂದೆಯಿಂದಲೂ ಇನ್ನೊಂದು ತಾಯಿಯಿಂದಲೂ ಬಂದಿರುತ್ತದೆ. ಈ ವರ್ಣತಂತುಗಳ ಮೇಲೆ ಸುಮಾರು 20,000 ವಂಶವಾಹಿಗಳಿದ್ದು, ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ಹೇಗೆ ತಯಾರಿಸಬೇಕೆಂಬ ಸೂಚನೆಗಳು ಅವುಗಳಲ್ಲಿ ಅಡಗಿವೆ. ಈ ಸೂಚನೆಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಂಡುಬರುವ ಸಣ್ಣ ಬದಲಾವಣೆಗಳನ್ನು ವಂಶವಾಹಿ ವ್ಯತ್ಯಯಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಬಹುಪಾಲು ನಿರಪಾಯಕಾರಿ. ಕೆಲವು ಮಾತ್ರ ರೋಗಕ್ಕೆ ಕಾರಣವಾಗುತ್ತವೆ.

ಬೀಜದ ಗುಣವೊಂದೇ ಬೆಳೆಯನ್ನು ನಿರ್ಧರಿಸುವುದಿಲ್ಲ ಎಂಬುದು ಜಿಲ್ಲೆಯ ರೈತರಿಗೆ ತಿಳಿದ ವಿಷಯ. ನವಲಗುಂದದ ಎರೆ ಭೂಮಿಯಲ್ಲಿ ಹಿಂಗಾರಿಗೆ ಚೆನ್ನಾಗಿ ಬರುವ ಜೋಳವು ಮಳೆ ಹೆಚ್ಚಿರುವ ಕಲಘಟಗಿಯ ಕಡೆ ಅದೇ ಇಳುವರಿಯನ್ನು ಕೊಡುವುದಿಲ್ಲ. ಅದೇ ರೀತಿ, ವಂಶವಾಹಿ ಬೀಜವಿದ್ದಂತೆ. ಆಹಾರ, ದುಡಿಮೆ ಮತ್ತು ಪರಿಸರ ನೆಲವಿದ್ದಂತೆ. ಆದರೆ ಕೆಲವು ರೋಗಗಳಲ್ಲಿ ಬೀಜದ ಪಾತ್ರವೇ ನಿರ್ಣಾಯಕವಾಗಿರುತ್ತದೆ.

ವ್ಯತ್ಯಯಗಳು ಆರೋಗ್ಯದ ಮೇಲೆ ಪ್ರಭಾವ ಬೀರುವ ಬಗೆಗಳು

1. ಆಹಾರ ಮತ್ತು ಔಷಧಿ ಒಗ್ಗುವಿಕೆ: ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ಅನೇಕರಲ್ಲಿ ಬಾಲ್ಯದ ನಂತರ ಕುಗ್ಗುತ್ತದೆ. ಒಂದು ನಿರ್ದಿಷ್ಟ ವ್ಯತ್ಯಯವನ್ನು ಪಡೆದವರಲ್ಲಿ ಈ ಶಕ್ತಿ ಜೀವನಪೂರ್ತಿ ಉಳಿಯುತ್ತದೆ. ಹಾಲು ಒಗ್ಗದವರಲ್ಲಿಯೂ ಅನೇಕರಿಗೆ ಮೊಸರು ಮತ್ತು ಮಜ್ಜಿಗೆ ಒಗ್ಗುತ್ತವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಮಲೇರಿಯಾಕ್ಕೆ ನೀಡುವ ಪ್ರೈಮಾಕ್ವಿನ್ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆಯುವ ಸಂಭವವಿರುತ್ತದೆ. ಆದುದರಿಂದ ಈ ಕೊರತೆಯಿರುವುದು ತಿಳಿದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

2. ಅನೇಕ ವಂಶವಾಹಿಗಳು ಸೇರಿ ತರುವ ಅಪಾಯ: ಮಧುಮೇಹ, ರಕ್ತದೊತ್ತಡ ಮತ್ತು ಹೃದ್ರೋಗಗಳು ಈ ಗುಂಪಿಗೆ ಸೇರುತ್ತವೆ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ಅಂದಾಜಿಸಿತು. ಇಲ್ಲಿ ಒಂದೊಂದು ವ್ಯತ್ಯಯದ ಪ್ರಭಾವ ಅಲ್ಪ. ತಂದೆ ಅಥವಾ ತಾಯಿಗೆ ಮಧುಮೇಹವಿದ್ದವರು ತೂಕ ಹೆಚ್ಚದಂತೆ ನೋಡಿಕೊಂಡು, ದೈಹಿಕ ಶ್ರಮವನ್ನು ಬಿಡದೆ, ಜೋಳ, ನವಣೆ, ಕಾಳು ಮತ್ತು ತರಕಾರಿಗಳ ಊಟವನ್ನು ಮುಂದುವರಿಸಿದರೆ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದು.

3. ಒಂದೇ ವಂಶವಾಹಿಯಿಂದ ಬರುವ ರೋಗ: ಈ ಗುಂಪಿನ ಬಹುತೇಕ ರೋಗಗಳನ್ನು ಆಹಾರದಿಂದ ತಡೆಯಲಾಗುವುದಿಲ್ಲ. ಇವುಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡುಬರುವವುಗಳಲ್ಲಿ ಒಂದು ಥಲಸ್ಸೇಮಿಯಾ. ಸಕಾಲದಲ್ಲಿ ಮಾಡಿದ ಒಂದು ರಕ್ತ ಪರೀಕ್ಷೆಯಿಂದ ಈ ರೋಗದ ಸಾಧ್ಯತೆಯನ್ನು ಮುಂಚಿತವಾಗಿ ತಿಳಿಯಬಹುದಾದ್ದರಿಂದ, ಮುಂದಿನ ವಿವರಣೆಯನ್ನು ಇದಕ್ಕೇ ಮೀಸಲಿಡಲಾಗಿದೆ.

ಥಲಸ್ಸೇಮಿಯಾ ಎಂದರೇನು?

ರಕ್ತಕ್ಕೆ ಕೆಂಪು ಬಣ್ಣವನ್ನು ನೀಡಿ, ದೇಹದ ಎಲ್ಲ ಭಾಗಗಳಿಗೆ ಆಮ್ಲಜನಕವನ್ನು ಒಯ್ಯುವ ವಸ್ತುವೇ ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯನ್ನು ತಯಾರಿಸುವ ವಂಶವಾಹಿಯು 11ನೇ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ಪ್ರತಿ ಮಾತ್ರ ದೋಷಯುಕ್ತವಾಗಿದ್ದರೆ ಆ ವ್ಯಕ್ತಿಯನ್ನು ವಾಹಕ ಅಥವಾ ಥಲಸ್ಸೇಮಿಯಾ ಮೈನರ್ ಎನ್ನುತ್ತಾರೆ. ಎರಡೂ ಪ್ರತಿಗಳು ದೋಷಯುಕ್ತವಾಗಿದ್ದರೆ ಥಲಸ್ಸೇಮಿಯಾ ಮೇಜರ್ ಎಂಬ ತೀವ್ರ ರೋಗವು ಉಂಟಾಗಬಹುದು.

ವಾಹಕರು ರೋಗಿಗಳಲ್ಲ. ಅವರು ಹೊಲದ ಕೆಲಸ, ಓದು, ವಿವಾಹ, ಹೆರಿಗೆ ಎಲ್ಲವನ್ನೂ ಇತರರಂತೆಯೇ ನಿರ್ವಹಿಸುತ್ತಾರೆ. ಅವರ ಹಿಮೋಗ್ಲೋಬಿನ್ ಪ್ರಮಾಣ ತುಸು ಕಡಿಮೆಯಿರಬಹುದು. ಕೆಂಪು ರಕ್ತಕಣಗಳು ಗಾತ್ರದಲ್ಲಿ ಚಿಕ್ಕವಾಗಿರುತ್ತವೆ. ಭಾರತದಲ್ಲಿ ಪ್ರತಿ 100 ಜನರಲ್ಲಿ ಸುಮಾರು 3ರಿಂದ 4 ಮಂದಿ ವಾಹಕರಿದ್ದಾರೆ. ಇದು ಯಾವುದೇ ಒಂದು ಜಾತಿ ಅಥವಾ ಧರ್ಮಕ್ಕೆ ಸೀಮಿತವಾದುದಲ್ಲ.

ಥಲಸ್ಸೇಮಿಯಾ ಮೇಜರ್ ಇರುವ ಮಗುವು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ 6 ತಿಂಗಳಿನಿಂದ 2 ವರ್ಷದೊಳಗೆ ಮಗು ಬಿಳಿಚಿಕೊಳ್ಳುವುದು, ಹಾಲು ಕುಡಿಯಲು ನಿರಾಸಕ್ತಿ, ಬೆಳವಣಿಗೆ ಕುಂಠಿತವಾಗುವುದು, ಗುಲ್ಮ ಮತ್ತು ಯಕೃತ್ತು ದೊಡ್ಡದಾಗಿ ಹೊಟ್ಟೆ ಉಬ್ಬುವುದು ಮುಂತಾದ ಲಕ್ಷಣಗಳು ಕಂಡುಬರುತ್ತವೆ. ಅನಂತರ ಆ ಮಗುವಿಗೆ 2ರಿಂದ 4 ವಾರಗಳಿಗೊಮ್ಮೆ ಜೀವನಪೂರ್ತಿ ರಕ್ತ ನೀಡಬೇಕಾಗುತ್ತದೆ. ಮೂರು ವಾರಕ್ಕೊಮ್ಮೆ ಎಂದರೂ ವರ್ಷಕ್ಕೆ 17 ಬಾರಿ ಮಗುವನ್ನು ಕರೆದುಕೊಂಡು ಹುಬ್ಬಳ್ಳಿ ಅಥವಾ ಧಾರವಾಡದ ಆಸ್ಪತ್ರೆಗೆ ಹೋಗಬೇಕು. ಕೂಲಿಯನ್ನೇ ನಂಬಿರುವ ಕುಟುಂಬವು ಅಷ್ಟು ದಿನಗಳ ಕೂಲಿಯನ್ನೂ ಕಳೆದುಕೊಳ್ಳುತ್ತದೆ.

ರೋಗವು ಮಕ್ಕಳಿಗೆ ಬರುವ ಬಗೆ

ದಂಪತಿಗಳಲ್ಲಿ ಒಬ್ಬರು ಮಾತ್ರ ವಾಹಕರಾಗಿದ್ದರೆ ಮಕ್ಕಳಿಗೆ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲ. ಮಕ್ಕಳು ವಾಹಕರಾಗುವ ಸಾಧ್ಯತೆ ಮಾತ್ರ ಶೇಕಡ 50ರಷ್ಟಿರುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ,

- ಮಗುವಿಗೆ ರೋಗ ಬರುವ ಸಾಧ್ಯತೆ ಶೇಕಡ 25
- ಮಗು ವಾಹಕವಾಗುವ ಸಾಧ್ಯತೆ ಶೇಕಡ 50
- ಮಗು ದೋಷದಿಂದ ಪೂರ್ಣ ಮುಕ್ತವಾಗಿರುವ ಸಾಧ್ಯತೆ ಶೇಕಡ 25

ಮೊದಲ ಮಗುವಿಗೆ ರೋಗ ಬಂದರೆ ಮುಂದಿನ ಮೂವರಿಗೆ ಬರುವುದಿಲ್ಲವೆಂಬ ನಂಬಿಕೆ ತಪ್ಪು. ಪ್ರತಿ ಬಾರಿಯೂ ಈ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ದೋಷವು ಇಬ್ಬರಿಂದಲೂ ಸಮನಾಗಿ ಬಂದಿರುವುದರಿಂದ ತಾಯಿಯೊಬ್ಬಳನ್ನೇ ದೂಷಿಸುವುದು ಅನ್ಯಾಯ ಮಾತ್ರವಲ್ಲ, ಅವೈಜ್ಞಾನಿಕವೂ ಹೌದು.

ಸೋದರ ಸಂಬಂಧದ ವಿವಾಹಗಳು

ಅಕ್ಕನ ಮಗಳನ್ನು ಅಥವಾ ಸೋದರಮಾವನ, ಸೋದರತ್ತೆಯ ಮಕ್ಕಳನ್ನು ವಿವಾಹವಾಗುವ ಪದ್ಧತಿ ನಮ್ಮ ಭಾಗದಲ್ಲಿ ಹಿಂದಿನಿಂದಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರದು ರಕ್ತ ಸಂಬಂಧದ ವಿವಾಹ. ಆಸ್ತಿ ಒಡೆಯದಿರಲಿ, ಮಗಳು ಗೊತ್ತಿರುವ ಮನೆಗೇ ಸೊಸೆಯಾಗಿ ಹೋಗಲಿ ಎಂಬ ಹಿರಿಯರ ಆಶಯ ಇದರ ಹಿಂದಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿ, ರಕ್ತ ಸಂಬಂಧದ ವಿವಾಹಗಳಿಗೂ ಮಕ್ಕಳ ಆರೋಗ್ಯಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದರು.

ಇಂತಹ ವಿವಾಹವೇ ರೋಗವನ್ನು ಹುಟ್ಟಿಸುವುದಿಲ್ಲ. ಆದರೆ ಒಂದೇ ಅಜ್ಜ ಅಥವಾ ಅಜ್ಜಿಯಿಂದ ಬಂದ ಅದೇ ದೋಷವು ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚುತ್ತದೆ. ಒಬ್ಬ ಯುವಕನು ವಾಹಕನಾಗಿದ್ದರೆ, ಸಂಬಂಧವಿಲ್ಲದ ಕುಟುಂಬದ ಕನ್ಯೆಯೂ ವಾಹಕಳಾಗಿರುವ ಸಾಧ್ಯತೆ 100ಕ್ಕೆ 3 ಅಥವಾ 4. ಆಕೆ ಅವನ ಸೋದರಮಾವನ ಮಗಳಾಗಿದ್ದರೆ ಅದು 8ರಲ್ಲಿ ಒಂದಕ್ಕೂ, ಅಕ್ಕನ ಮಗಳಾಗಿದ್ದರೆ 4ರಲ್ಲಿ ಒಂದಕ್ಕೂ ಏರುತ್ತದೆ. ಇಂತಹ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆಂಬುದೂ ನಿಜ. ಆದ್ದರಿಂದ ಈಗಾಗಲೇ ವಿವಾಹವಾಗಿರುವವರು ಭಯಪಡಬೇಕಾಗಿಲ್ಲ. ಆದರೆ ಪರೀಕ್ಷೆಯನ್ನು ನಿರ್ಲಕ್ಷಿಸಬಾರದು.

ರಕ್ತಹೀನತೆ ಮತ್ತು ಆಹಾರ: ಗಮನಿಸಬೇಕಾದ ಅಂಶಗಳು

ಗ್ರಾಮೀಣ ಮಹಿಳೆಯರಲ್ಲಿ ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೇ ಪ್ರಮುಖ ಕಾರಣ. ಸೊಪ್ಪು, ಕಾಳು, ಸಜ್ಜೆ, ಶೇಂಗಾ, ಬೆಲ್ಲ ಇವುಗಳೊಂದಿಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿಯನ್ನು ಸೇವಿಸಿದರೆ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದೊಂದಿಗೆ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಆದರೆ ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದರೂ ಹಿಮೋಗ್ಲೋಬಿನ್ ಏರದಿದ್ದಲ್ಲಿ ಥಲಸ್ಸೇಮಿಯಾ ವಾಹಕತ್ವದ ಬಗ್ಗೆ ಪರೀಕ್ಷೆ ಅವಶ್ಯಕ.

ವಾಹಕರಿಗೆ ವಿಶೇಷ ಪಥ್ಯವಿಲ್ಲ. ಅವರಿಗೂ ಕಬ್ಬಿಣಾಂಶದ ಕೊರತೆ ಉಂಟಾಗಬಹುದು. ಆದುದರಿಂದ ವಾಹಕರೆಂದು ತಿಳಿದ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ನಿಲ್ಲಿಸಬಾರದು.

ಥಲಸ್ಸೇಮಿಯಾ ಮೇಜರ್ ಇರುವ ಮಕ್ಕಳ ವಿಷಯ ಇದಕ್ಕೆ ವಿರುದ್ಧ. ಪದೇ ಪದೇ ಪಡೆಯುವ ರಕ್ತದಿಂದ ಅವರ ದೇಹದಲ್ಲಿ ಕಬ್ಬಿಣಾಂಶವು ಶೇಖರವಾಗಿ ಹೃದಯ, ಯಕೃತ್ತು ಮತ್ತು ಗ್ರಂಥಿಗಳಿಗೆ ಹಾನಿಯಾಗುತ್ತದೆ. ಇದನ್ನು ಹೊರಹಾಕಲು ಡೆಫೆರಾಸಿರಾಕ್ಸ್‌ನಂತಹ ಔಷಧಿಗಳನ್ನು ತಪ್ಪದೆ ನೀಡಬೇಕು. ಮಗು ಬಿಳಿಚಿಕೊಂಡಿದೆಯೆಂದು ಅಂಗಡಿಯಿಂದ ರಕ್ತ ಹೆಚ್ಚಿಸುವ ಟಾನಿಕ್ ತಂದು ಕುಡಿಸುವುದು ಅಪಾಯಕರ.

ಪರೀಕ್ಷೆ ಯಾವಾಗ, ಹೇಗೆ?

ಬಿತ್ತುವ ಮುನ್ನ ರೈತನು ಬೀಜದ ಮೊಳಕೆಯನ್ನು ಪರೀಕ್ಷಿಸುತ್ತಾನೆ. ಅಂತೆಯೇ ಜಾತಕ, ಮನೆತನ ನೋಡುವ ಹಿರಿಯರು ರಕ್ತ ಪರೀಕ್ಷೆಯ ವರದಿಯನ್ನೂ ನೋಡುವುದು ಸೂಕ್ತ. ವಿವಾಹ ನಿಶ್ಚಯಕ್ಕೆ ಮುನ್ನ ಪರೀಕ್ಷೆ ಮಾಡಿಸುವುದು ಅತ್ಯುತ್ತಮ. ಅದು ಆಗದಿದ್ದಲ್ಲಿ ವಿವಾಹದ ನಂತರ ಗರ್ಭಧಾರಣೆಗೆ ಮುನ್ನ, ಅದೂ ತಪ್ಪಿದಲ್ಲಿ ಗರ್ಭಿಣಿಯೆಂದು ತಿಳಿದ ಕೂಡಲೇ ಮಾಡಿಸಬೇಕು.

ಮೊದಲಿಗೆ ರಕ್ತಕಣಗಳ ಎಣಿಕೆ ಮತ್ತು ಗಾತ್ರವನ್ನು ನೋಡಲಾಗುತ್ತದೆ. ಸಂದೇಹವಿದ್ದಲ್ಲಿ ಎಚ್.ಪಿ.ಎಲ್.ಸಿ. ಎಂಬ ಪರೀಕ್ಷೆಯ ಮೂಲಕ ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆಯುತ್ತಾರೆ. ಇದು ಶೇಕಡ 3.5ರಿಂದ 4ಕ್ಕಿಂತ ಹೆಚ್ಚಿದ್ದರೆ ವಾಹಕರೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಕಬ್ಬಿಣಾಂಶದ ಕೊರತೆಯಿಂದ ಅಥವಾ ಇತ್ತೀಚೆಗೆ ರಕ್ತ ಪಡೆದಿರುವುದರಿಂದ ಫಲಿತಾಂಶ ವ್ಯತ್ಯಾಸವಾಗಬಹುದಾದ್ದರಿಂದ ವರದಿಯನ್ನು ವೈದ್ಯರಿಗೆ ತೋರಿಸಬೇಕು. ಈ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಸರಿಯಾಗಿ ಮಾಡಿಸಿದರೆ ಸಾಕು. ಕುಟುಂಬದಲ್ಲಿ ಒಬ್ಬರು ವಾಹಕರೆಂದು ತಿಳಿದರೆ ಅವರ ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಬೇಕು.

ಇಬ್ಬರೂ ವಾಹಕರಾಗಿದ್ದಲ್ಲಿ

ಗರ್ಭದ 10ರಿಂದ 12ನೇ ವಾರದಲ್ಲಿ ಮಾಸಿನ ಅಂಗಾಂಶದ ಸಣ್ಣ ಮಾದರಿಯನ್ನು ಪಡೆದು ಭ್ರೂಣಕ್ಕೆ ರೋಗವಿದೆಯೇ ಎಂದು ತಿಳಿಯಬಹುದು. ಮುಂದಿನ ನಿರ್ಧಾರವು ಕಾನೂನಿನ ಮಿತಿಯೊಳಗೆ ದಂಪತಿಗಳದೇ ಆಗಿರುತ್ತದೆ. ಈ ಪರೀಕ್ಷೆಯನ್ನು 1994ರ ಪ್ರಸವಪೂರ್ವ ರೋಗನಿರ್ಣಯ ಕಾಯ್ದೆಯಡಿ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಮಾಡಿಸಬೇಕು. ಭ್ರೂಣದ ಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ.

ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಪ್ರತಿ ಏಳು ಜನರಲ್ಲಿ ಸುಮಾರು ಒಬ್ಬರು ವಾಹಕರು. ಅಲ್ಲಿ 1970ರ ದಶಕದಲ್ಲಿ ಆರಂಭವಾದ ತಪಾಸಣೆ ಮತ್ತು ಆಪ್ತಸಮಾಲೋಚನೆಯ ಫಲವಾಗಿ ಈ ರೋಗದೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಅತ್ಯಲ್ಪಕ್ಕೆ ಇಳಿದಿದೆ.

ರೋಗವಿರುವ ಮಕ್ಕಳಿಗೆ ನೆರವು

ನಿಯಮಿತ ರಕ್ತ ಮತ್ತು ಔಷಧಿ ದೊರೆತಲ್ಲಿ ಈ ಮಕ್ಕಳು ಶಾಲೆ ಕಲಿತು, ಉದ್ಯೋಗ ಮಾಡಿ, ಸಂಸಾರ ನಡೆಸಬಲ್ಲರು. ಹೊಂದುವ ಒಡಹುಟ್ಟಿದವರಿದ್ದಲ್ಲಿ ಅಸ್ಥಿಮಜ್ಜೆ ಕಸಿಯಿಂದ ರೋಗವನ್ನು ಗುಣಪಡಿಸಲು ಸಾಧ್ಯವಿದೆ. ಇದಕ್ಕಾಗಿ ಕೋಲ್ ಇಂಡಿಯಾ ಸಂಸ್ಥೆಯ ಧನಸಹಾಯದಿಂದ 2017ರಲ್ಲಿ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಆರಂಭವಾಯಿತು. ಇದರಲ್ಲಿ ಅರ್ಹ ಮಕ್ಕಳಿಗೆ 10 ಲಕ್ಷ ರೂಪಾಯಿಗಳವರೆಗೆ ನೆರವಿನ ಅವಕಾಶ ಕಲ್ಪಿಸಲಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಥಲಸ್ಸೇಮಿಯಾವನ್ನೂ ಸೇರಿಸಲಾಗಿದೆ. ಗ್ರಾಮಗಳ ಯುವಕ ಯುವತಿಯರು ಸ್ವಯಂಪ್ರೇರಿತರಾಗಿ ರಕ್ತದಾನ ಮಾಡುವುದು ಈ ಮಕ್ಕಳಿಗೆ ನೇರವಾದ ಸಹಾಯ.

ಸಾರ್ವಜನಿಕರಲ್ಲಿ ಮನವಿ

ವಾಹಕತ್ವವು ಕಳಂಕವಲ್ಲ. ವರದಿಯನ್ನು ಮುಚ್ಚಿಡುವುದರಿಂದಾಗಲಿ, ಅದರ ಕಾರಣಕ್ಕಾಗಿ ಹೆಣ್ಣುಮಕ್ಕಳನ್ನು ನಿರಾಕರಿಸುವುದರಿಂದಾಗಲಿ ಪ್ರಯೋಜನವಿಲ್ಲ. ವಾಹಕರು ವಾಹಕರಲ್ಲದವರನ್ನು ನಿಶ್ಚಿಂತೆಯಿಂದ ವಿವಾಹವಾಗಬಹುದು. ಹೆತ್ತವರಿಂದ ಬಂದ ವಂಶವಾಹಿಯನ್ನು ಬದಲಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಸಕಾಲದಲ್ಲಿ ತಿಳಿದುಕೊಳ್ಳುವುದು ನಮ್ಮ ಕೈಯಲ್ಲಿದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ತಾಲ್ಲೂಕು ಆಸ್ಪತ್ರೆಯನ್ನು ಅಥವಾ ಧಾರವಾಡದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು.