ಅಕ್ಷರ ಹಿಡಿದು ಪದ ಹುಡುಕುವುದು



ಕೆಲವು ಅಕ್ಷರಗಳನ್ನು ಕೊಟ್ಟು, ಅವೆಲ್ಲವೂ ಇರುವ ಇಂಗ್ಲಿಷ್ ಪದವೊಂದನ್ನು ಹೇಳಿರೆಂದು ಕೇಳುವ ಆಟವು ವಿದ್ಯಾವಂತರ ಮನೆಗಳಲ್ಲಿ ಪರಿಚಿತವಾದುದೇ. ಅದು ಕಾಲ ಕಳೆಯುವ ವಿನೋದವಲ್ಲದೆ ಮತ್ತೇನೂ ಅಲ್ಲವೆನ್ನುವವರುಂಟು. ಆದರೆ ಅಕ್ಷರವನ್ನು ಹಿಡಿದು ಪದವನ್ನು ಹುಡುಕುವ ಈ ಕೆಲಸವನ್ನೇ ಕನ್ನಡದ ವೈಯಾಕರಣನೊಬ್ಬನು ಹದಿಮೂರನೆಯ ಶತಮಾನದಲ್ಲಿ ಗಂಭೀರವಾದ ಉದ್ದೇಶದಿಂದ ಕೈಕೊಂಡಿದ್ದನು. ಆಟದಿಂದ ಹೊರಟು ಆತನ ಬಳಿಗೆ ಹೋಗೋಣ.

ಹುನಗುಂದದ ಸೀಮೆಯಲ್ಲಿ ರಾಮಥಾಳವೆಂಬ ಊರಿದೆ. ಹನಿ ನೀರಾವರಿಯ ಯೋಜನೆಯಿಂದ ಅದರ ಹೆಸರು ದೂರದವರಿಗೂ ತಿಳಿದುಬಂದಿದೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಆರ್, ಎ, ಎಂ, ಟಿ, ಎಚ್, ಎ, ಎಲ್ ಎಂದು 7 ಅಕ್ಷರಗಳಾಗುತ್ತವೆ. ಇವನ್ನಿಟ್ಟುಕೊಂಡು ಎರಡು ಪ್ರಶ್ನೆಗಳನ್ನು ಕೇಳಬಹುದು. ಈ ಅಕ್ಷರಗಳಿಂದ ಮಾತ್ರವೇ ಆಗುವ ಪದಗಳಾವುವು ಎಂಬುದು ಮೊದಲನೆಯದು: ಹಾಲ್ಟ್, ಹಾರ್ಮ್, ಟ್ರಾಮ್ ಮೊದಲಾದುವು ಒಡನೆಯೇ ದೊರೆಯುತ್ತವೆ. ಈ ಏಳನ್ನೂ ಒಳಗೊಂಡ ದೊಡ್ಡ ಪದವಾವುದು ಎಂಬುದು ಎರಡನೆಯದು, ಮತ್ತು ಕಠಿನವಾದುದು. ಲಾಗರಿದಮ್ ಎಂಬುದು ಸರಿಯೆಂದು ತೋರುವುದು; ಆದರೆ ಅದರಲ್ಲಿ ಎ ಅಕ್ಷರವು ಒಂದೇ ಸಲ ಬರುತ್ತದೆ, ನಮಗೆ ಎರಡು ಬೇಕು. 12 ಅಕ್ಷರಗಳ ಅರಿತ್ಮೆಟಿಕಲ್ ಎಂಬ ಪದದಲ್ಲಿ ಏಳೂ ಇವೆ. ಅಕ್ಷರವು ಇದೆಯೇ ಎಂದು ನೋಡಿದರೆ ಸಾಲದು, ಎಷ್ಟು ಸಲ ಇದೆಯೆಂದೂ ಎಣಿಸಬೇಕೆಂಬುದು ಇದರಿಂದ ತಿಳಿಯುವ ಮೊದಲ ಪಾಠ.

ಎರಡನೆಯ ಪಾಠವು ಕ್ರಮಕ್ಕೆ ಸಂಬಂಧಿಸಿದುದು. ಒಂದು ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಮರಳಿ ಜೋಡಿಸಿದರೆ ಅದಕ್ಕೊಂದು ಗುರುತು ದೊರೆಯುವುದು. ಹಾಲ್ಟ್ ಎಂಬುದರ ಗುರುತು ಎ, ಎಚ್, ಎಲ್, ಟಿ. ಮರದ ಪಟ್ಟಿಯನ್ನು ಹೇಳುವ ಲ್ಯಾತ್ ಎಂಬುದರ ಗುರುತೂ ಅದೇ. ಹೀಗೆ ನಿಘಂಟಿನ ಪದಗಳಿಗೆಲ್ಲ ಗುರುತನ್ನು ಬರೆದಿಟ್ಟುಕೊಂಡರೆ, ಒಂದೇ ಅಕ್ಷರಗಳ ಪದಗಳು ತಾವಾಗಿಯೇ ಒಂದೆಡೆ ಕೂಡುತ್ತವೆ. ಇಂದಿನ ಗಣಕಯಂತ್ರಗಳಿಗೂ ಈ ಉಪಾಯವನ್ನು ಕಲಿಸಿಕೊಡುವುದುಂಟು. ಕೈಯಿಂದ ಹುಡುಕುವವರು ಅಪರೂಪದ ಅಕ್ಷರವನ್ನು ಮೊದಲು ಹಿಡಿಯುವುದು ಒಳ್ಳೆಯದು. ಎಲ್ಲೆಲ್ಲಿಯೂ ಬರುವ ಇ ಅಕ್ಷರವನ್ನು ಹಿಡಿದು ಹೊರಟರೆ ದಾರಿ ಸಾಗದು.

ಇನ್ನು ಕನ್ನಡಕ್ಕೆ ಬರೋಣ. ರಾಮಥಾಳವೆಂಬ ಹೆಸರು ನಮ್ಮ ಲಿಪಿಯಲ್ಲಿ ನಾಲ್ಕೇ ಅಕ್ಷರ: ರಾ, ಮ, ಥಾ, ಳ. ಇವುಗಳಿಂದ ಹಂಸವೆಂಬರ್ಥದ ಮರಾಳ ಎಂಬ ಪದವು ಸಿದ್ಧಿಸುವುದು. ಆದರೆ ಮರ ಎಂಬ ಎರಡಕ್ಷರದ ಪದವು ಸಿದ್ಧಿಸದು. ಏಕೆಂದರೆ ನಮ್ಮಲ್ಲಿರುವುದು ರಾ, ಬೇಕಾದುದು ರ. ಅಕ್ಷರಗಳನ್ನು ಸ್ವರವ್ಯಂಜನಗಳಾಗಿ ಬಿಡಿಸಿದರೆ ಮಾತ್ರ ಅದೂ ದೊರೆಯುವುದು. ಇಂಗ್ಲಿಷಿನಲ್ಲಿ ಸ್ವರವು ಬೇರೆ ನಿಲ್ಲುವುದು, ಕನ್ನಡದಲ್ಲಿ ವ್ಯಂಜನದೊಡನೆ ಸೇರಿಕೊಳ್ಳುವುದು. ಆದುದರಿಂದ ಏನನ್ನು ಅಕ್ಷರವೆಂದು ಎಣಿಸುತ್ತೇವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ನಾವು ಮೊದಲು ಸೂಚಿಸಿದ ವೈಯಾಕರಣನು ಕೇಶಿರಾಜ. 1260ರ ಸುಮಾರಿನಲ್ಲಿ ಆತನು ಶಬ್ದಮಣಿದರ್ಪಣವನ್ನು ರಚಿಸಿದನು. ಹಳಗನ್ನಡದಲ್ಲಿ ಳ ಅಲ್ಲದೆ ೞ ಎಂಬ ಮತ್ತೊಂದು ಅಕ್ಷರವಿತ್ತು. ರ ಅಲ್ಲದೆ ಱ ಎಂಬುದೂ ಇತ್ತು. ಮಳೆ, ಕೋಳಿ, ಏಳು ಎಂದು ಈಗ ನಾವು ಬರೆಯುವ ಪದಗಳು ಹಿಂದೆ ಮೞೆ, ಕೋೞಿ, ಏೞು ಎಂದಿದ್ದವು. ಕೇಶಿರಾಜನ ಕಾಲಕ್ಕಾಗಲೇ ಈ ಭೇದವು ಬಾಯಲ್ಲಿ ಅಳಿಯುತ್ತಲಿತ್ತು. ಕವಿಗಳಿಗಾದರೋ ಅದು ಬೇಕಾಗಿತ್ತು. ಪ್ರತಿಯೊಂದು ಪಾದದ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬುದು ನಮ್ಮ ಪ್ರಾಸದ ನಿಯಮ. ರಾಮಥಾಳದ ನೆರೆಯ ಬಾದಾಮಿಯಲ್ಲಿ, ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿಯೂ ಈ ಪ್ರಾಸವನ್ನು ಕಾಣಬಹುದು. ಕಿವಿಯು ಸಹಾಯಕ್ಕೆ ಬಾರದಿರುವಾಗ ಕವಿಯು ಏನು ಮಾಡಬೇಕು? ಅದಕ್ಕಾಗಿ ಕೇಶಿರಾಜನು ೞ ಇರುವ ಪದಗಳನ್ನೂ ಱ ಇರುವ ಪದಗಳನ್ನೂ ಹುಡುಕಿ ಪಟ್ಟಿಮಾಡಿಕೊಟ್ಟನು.

ಇದರ ಪ್ರಯೋಜನವು ಪ್ರಾಸಕ್ಕೆ ಮಾತ್ರ ಸೀಮಿತವಲ್ಲ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿದುಕೊ. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು. ಅಕ್ಷರವೊಂದು ತಪ್ಪಿದರೆ ಬದುಕಿದ್ದ ಕಡೆ ಕತ್ತಿಯು ಬಂದು ನಿಲ್ಲುವುದು! ಪ್ರತಿಮಾಡುವವನು ಳಕಾರವನ್ನೇ ಎಲ್ಲೆಡೆ ಬರೆದರೆ, ಮುಂದಿನ ಓದುಗನು ಪೂರ್ವಿಕರ ಮಾತನ್ನು ಅಪಾರ್ಥಮಾಡಿಕೊಳ್ಳುವನು. ಅಕ್ಷರಗಳು ಬಳಕೆಯಿಂದ ಮರೆಯಾದರೂ ಅರ್ಥವು ಉಳಿಯಲು ಇಂಥ ಪಟ್ಟಿಗಳೇ ಆಧಾರ. ಕೇಶಿರಾಜನ ಗ್ರಂಥವನ್ನು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕಿಟ್ಟೆಲರು, 1894ರ ತಮ್ಮ ನಿಘಂಟಿನಲ್ಲಿ ಈ ಎರಡು ಅಕ್ಷರಗಳನ್ನೂ ಕಾಪಾಡಿದ್ದಾರೆ.

ಆದಕಾರಣ ಮನೆಯ ಮಕ್ಕಳು ಅಕ್ಷರಗಳನ್ನು ಹರಡಿಕೊಂಡು ಪದವನ್ನು ಹುಡುಕುತ್ತಿರುವಾಗ ಹೊತ್ತು ವ್ಯರ್ಥವಾಯಿತೆಂದು ಗದರಬೇಕಾದುದಿಲ್ಲ. ಇಂಗ್ಲಿಷಿನ ಆಟ ಮುಗಿದ ಮೇಲೆ ಕಿಟ್ಟೆಲರ ನಿಘಂಟನ್ನು ಅವರ ಮುಂದಿಟ್ಟು, ೞ ಇರುವ ಹತ್ತು ಪದಗಳನ್ನು ತೆಗೆಯಿರೆಂದು ಹೇಳಿನೋಡಿ. ಆ ಹತ್ತರಲ್ಲಿ ಬಹುಪಾಲು ತಾವು ದಿನವೂ ಆಡುವ ಮಾತುಗಳೇ ಎಂದು ಕಂಡು ಅವರು ಬೆರಗಾಗುವರು.